ಆ ಎರಡು ಸೆಕೆಂಡು ಯಾರದ್ದು?

ಜರ್ಮನಿಯ ಕ್ರಾಫ್ಟ್‌ವೆರ್ಕ್ ತಂಡ 'ಟ್ರಾನ್ಸ್-ಯೂರೋಪ್ ಎಕ್ಸ್‌ಪ್ರೆಸ್' ಆಲ್ಬಮ್ಮನ್ನು ಹೊರತಂದದ್ದು 1977ರಲ್ಲಿ, ಪಂಕ್ ಸಂಗೀತದ ಅಬ್ಬರ ಜೋರಾಗಿದ್ದ ವರ್ಷ. ಹರಿದ ಅಂಗಿ, ಕಿರುಚುವ ಗಂಟಲುಗಳ ಆ ಹೊತ್ತಿನಲ್ಲಿ ಡ್ಯೂಸೆಲ್‌ಡಾರ್ಫ್‌ನ ಈ ನಾಲ್ವರು ಕೋಟು ತೊಟ್ಟು, ತಲೆ ಬಾಚಿ, ಹಳೇ ಕಾಲದ ಫೋಟೊ ಸ್ಟುಡಿಯೊಗೆ ಬಂದವರ ಹಾಗೆ ಕಾಣಿಸಿಕೊಂಡರು. ವೇದಿಕೆಯ ಮೇಲೆ ಅಲುಗಾಡದೆ ನಿಲ್ಲುವ ಇವರನ್ನು ಗೊಂಬೆಗಳೆಂದು ಆಗಲೇ ಹಂಗಿಸಲಾಗುತ್ತಿತ್ತು. ಅದಕ್ಕೆ ಉತ್ತರವಾಗಿ ಬಟ್ಟೆಯಂಗಡಿಯ ಗಾಜಿನ ಹಿಂದೆ ನಿಂತ ಗೊಂಬೆಗಳ ಮೇಲೆಯೇ ಒಂದು ಹಾಡು ಇಲ್ಲಿದೆ. ಅವರ ತುಂಟತನವೂ ಹೀಗೆ, ಮುಖದ ಗೆರೆ ಕದಲದ್ದು.

1974ರ 'ಆಟೋಬಾನ್' ಅಮೆರಿಕದ ಪಟ್ಟಿಯಲ್ಲಿ 5ನೇ ಸ್ಥಾನಕ್ಕೆ ಏರಿತ್ತು. ಇದು ಮೊದಲ ನೂರರೊಳಗೂ ಬರಲಿಲ್ಲ. ಆದರೆ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಕಪ್ಪು ಹುಡುಗ ಹುಡುಗಿಯರು ಕುಣಿಯುವ ಪಾರ್ಟಿಗಳಲ್ಲಿ, ಡಿಜೆ ಆಫ್ರಿಕಾ ಬಂಬಾಟಾ ಈ ರೆಕಾರ್ಡನ್ನು ಹಾಕತೊಡಗಿದ. 1982ರಲ್ಲಿ ಅವನು ಮತ್ತು ಸಂಗಡಿಗರು, ನಿರ್ಮಾಪಕ ಆರ್ಥರ್ ಬೇಕರ್ ಜೊತೆ, ಶೀರ್ಷಿಕೆ ಗೀತೆಯ ರಾಗವನ್ನು ಹೊಸದಾಗಿ ನುಡಿಸಿ 'ಪ್ಲಾನೆಟ್ ರಾಕ್' ಮಾಡಿದರು. ಹಿಪ್‌ಹಾಪ್‌ನ ದಿಕ್ಕನ್ನೇ ತಿರುಗಿಸಿದ ಹಾಡು ಅದು.

ಜೀವವಿಲ್ಲದ ಯಂತ್ರಸಂಗೀತ ಎನ್ನಿಸಿಕೊಂಡಿದ್ದಕ್ಕೆ ಜನ ಕುಣಿದದ್ದು ಹೇಗೆ? ಉತ್ತರ ರೆಕಾರ್ಡಿನೊಳಗೇ ಇದೆ. ರೈಲಿನ ಗಾಲಿಯ ನಿಜವಾದ ಲಯ ಕುಣಿತಕ್ಕೆ ಒಗ್ಗುವುದಿಲ್ಲವೆಂದು ತಂಡದವರು ಅದನ್ನು ಕೊಂಚ ತಿದ್ದಿಕೊಂಡಿದ್ದರು. ಅಂದರೆ ಅವರ ಕಣ್ಣು ಮೊದಲಿನಿಂದಲೂ ಕಾಲುಗಳ ಮೇಲಿತ್ತು. 'ಮೆಟಲ್ ಆನ್ ಮೆಟಲ್' ಕೇಳಿ: ಲೋಹಕ್ಕೆ ಲೋಹ ಬಡಿಯುವ ಸದ್ದು, ನಡುವೆ ಧಾರಾಳವಾದ ಖಾಲಿ ಜಾಗ. ಕೂತು ಕೇಳುವವರಿಗೆ ಕೊರತೆಯೆನಿಸುವ ಆ ಜಾಗದೊಳಕ್ಕೇ ಕುಣಿಯುವವರು ಕಾಲಿಟ್ಟರು.

ಇದನ್ನು 'ಭವಿಷ್ಯದ ಸಂಗೀತ' ಎಂದು ಹೊಗಳುವುದು ಈಗ ರೂಢಿ. ನನಗೆ ಒಪ್ಪಿಗೆಯಿಲ್ಲ. ಶೂಬರ್ಟ್‌ನ ಹೆಸರಿನ ತುಣುಕು, ಕನ್ನಡಿಗಳ ಸಭಾಂಗಣ, ಮೊದಲ ದರ್ಜೆಯವರಷ್ಟೇ ಹತ್ತುತ್ತಿದ್ದ ಐಷಾರಾಮಿ ರೈಲು. ಇದು ಹಳೆಯ ಯೂರೋಪಿನ ಹಂಬಲ. ಟಿಕೆಟ್ಟೇ ಇಲ್ಲದವರು ಆ ರೈಲು ಹತ್ತಿ ಅದನ್ನು ಬೇರೆ ಹಳಿಗೆ ಹೊರಳಿಸಿದರು.

ತಂಡಕ್ಕೆ ಇದು ಪೂರ್ತಿ ಹಿತವಾಯಿತೆನ್ನಲಾರೆ. 1997ರಲ್ಲಿ ಜರ್ಮನ್ ನಿರ್ಮಾಪಕ ಮೋಸೆಸ್ ಪೆಲ್ಹಾಮ್ 'ಮೆಟಲ್ ಆನ್ ಮೆಟಲ್'ನಿಂದ ಸುಮಾರು ಎರಡು ಸೆಕೆಂಡುಗಳ ಸದ್ದನ್ನು ಕತ್ತರಿಸಿ, ಸಬ್ರಿನಾ ಸೆಟ್ಲೂರ್ ಹಾಡೊಂದರ ಕೆಳಗೆ ಸುತ್ತಿಸಿದ. ರಾಲ್ಫ್ ಹ್ಯೂಟರ್ ಮತ್ತು ಫ್ಲೋರಿಯಾನ್ ಶ್ನೈಡರ್ ಕೋರ್ಟಿಗೆ ಹೋದರು. ವ್ಯಾಜ್ಯ ಎರಡು ದಶಕ ದಾಟಿತು. 2016ರಲ್ಲಿ ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ ಕಲೆಯ ಸ್ವಾತಂತ್ರ್ಯದ ಕಡೆ ವಾಲಿತು. 2019ರಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ, ಕಿವಿಗೆ ಗುರುತು ಸಿಗುವಂತಿದ್ದರೆ ಅನುಮತಿ ಬೇಕು, ಗುರುತು ಸಿಗದಷ್ಟು ಬದಲಾಗಿದ್ದರೆ ಬೇಡ ಎಂದಿತು.

ನಾನು ಇಲ್ಲಿ ಅರ್ಧ ತಂಡದ ಕಡೆ. ಸದ್ದನ್ನೇ ಕೃತಿಯಾಗಿಸಿದವರಿಗೆ ಎರಡು ಸೆಕೆಂಡು ಸಣ್ಣದಲ್ಲ. ಬ್ರಾಂಕ್ಸ್‌ನವರು ರಾಗವನ್ನು ಮತ್ತೆ ನುಡಿಸಿದ್ದರು. ಪೆಲ್ಹಾಮ್ ಧ್ವನಿಮುದ್ರಣವನ್ನೇ ಎತ್ತಿಕೊಂಡ. ಆದರೆ ಉಳಿದರ್ಧ ಬೇರೆಯದನ್ನು ಕೇಳುತ್ತದೆ: ದುಬಾರಿ ವಾದ್ಯ ಕೊಳ್ಳಲಾಗದ, ರೆಕಾರ್ಡುಗಳನ್ನೇ ವಾದ್ಯವಾಗಿಸಿಕೊಂಡ ಹುಡುಗರಿಂದಲ್ಲವೇ ಈ ಆಲ್ಬಮ್ಮಿಗೆ ಎರಡನೇ ಆಯುಷ್ಯ ಬಂದದ್ದು? ಅನುಮತಿ ಪತ್ರ ಹಿಡಿದು ಬರಬೇಕೆಂದಿದ್ದರೆ ಅವರಲ್ಲಿ ಎಷ್ಟು ಜನ ಬರುತ್ತಿದ್ದರು?

ಹೊಸಬರು ಎಲ್‌ಪಿಯ ಎರಡನೇ ಬದಿಯಿಂದಲೇ ಶುರುಮಾಡಲಿ. ಶೀರ್ಷಿಕೆ ಗೀತೆ ನಿಲ್ಲದೆ 'ಮೆಟಲ್ ಆನ್ ಮೆಟಲ್'ಗೆ ಹರಿಯುವಲ್ಲಿ, ಸಾಧ್ಯವಾದರೆ, ಎದ್ದು ನಿಂತು ಕೇಳಲಿ.