ಮಾಂಸ, ಅರ್ಬುದರೋಗ ಮತ್ತು ನಮ್ಮ ಕರಪತ್ರಗಳು

ದಶಲಕ್ಷಣ ಪರ್ವದ ದಿನಗಳಲ್ಲಿ ಬಸದಿಯ ಬಾಗಿಲಲ್ಲಿ ಹಂಚುವ ಕರಪತ್ರಗಳನ್ನು ಹಲವು ವರ್ಷಗಳಿಂದ ನಾನು ತೆಗೆದಿರಿಸುತ್ತ ಬಂದಿದ್ದೇನೆ. ಹಿಂದೆ ಅವುಗಳಲ್ಲಿ ಕ್ಷಮೆ, ಮಾರ್ದವ, ಆರ್ಜವಗಳ ವಿವರಣೆಯಿರುತ್ತಿತ್ತು. ಈಚಿನವುಗಳಲ್ಲಿ ಒಂದು ಪುಟವಾದರೂ ಆರೋಗ್ಯಕ್ಕೆ ಮೀಸಲು. ಮಾಂಸದಿಂದ ಕ್ಯಾನ್ಸರ್ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಸಾರಿದೆ. ಶಾಕಾಹಾರಿಗೆ ಆ ಭಯವಿಲ್ಲ. ನಮ್ಮ ಆಚಾರ್ಯರು ಇದನ್ನು ಶತಮಾನಗಳ ಹಿಂದೆಯೇ ಅರಿತಿದ್ದರು. ಪದಗಳು ಬದಲಾದರೂ ಈ ಮೂರು ವಾಕ್ಯಗಳು ಎಲ್ಲ ಕರಪತ್ರಗಳಲ್ಲಿಯೂ ಇರುತ್ತವೆ. ಪ್ರಸ್ತುತ ಲೇಖನವು ಈ ಮೂರು ವಾಕ್ಯಗಳ ವಿಮರ್ಶೆ.

ಈ ವಿಮರ್ಶೆಗೆ ಕಾರಣವಿದೆ. ನಮ್ಮ ಬಂಧುವರ್ಗದ ವೃದ್ಧೆಯೊಬ್ಬರು ರಾತ್ರಿಭೋಜನ ತ್ಯಾಗವನ್ನು ಐವತ್ತು ವರ್ಷ ತಪ್ಪದೆ ನಡೆಸಿದವರು. ಮಲದಲ್ಲಿ ರಕ್ತ ಕಾಣಿಸಿಕೊಂಡಾಗ ಮೂಲವ್ಯಾಧಿಯೆಂದು ಅವರು ಸುಮ್ಮನಿದ್ದರು. ಮನೆಯವರೂ ಸುಮ್ಮನಿದ್ದರು, ಆ ದೊಡ್ಡ ರೋಗ ನಮ್ಮಂಥವರಿಗೆ ಬರುವುದಿಲ್ಲವೆಂಬ ಧೈರ್ಯ. ವೈದ್ಯರ ಬಳಿಗೆ ಹೋಗುವ ವೇಳೆಗೆ ದೊಡ್ಡಕರುಳಿನ ಕ್ಯಾನ್ಸರ್ ಯಕೃತ್ತನ್ನು ಮುಟ್ಟಿತ್ತು. ನೋಡಲು ಬಂದ ಒಬ್ಬರು, "ಶಾಕಾಹಾರಿಗಳಿಗೆ ಇದು ಬರುವುದಿಲ್ಲವಂತಲ್ಲಮ್ಮಾ, ಎಲ್ಲಿಯಾದರೂ ತಿಳಿಯದೆ ಏನಾದರೂ ಸೇರಿತ್ತೇ?" ಎಂದು ಕೇಳಿದರು. ಕೇಳಿದವರಲ್ಲಿ ದುರುದ್ದೇಶವಿರಲಿಲ್ಲ. ಆದರೆ ಆ ತಾಯಿ ತಮ್ಮ ಕೊನೆಯ ವಾರಗಳನ್ನು, ಯಾವ ಮದುವೆಯಲ್ಲಿ, ಯಾವ ಪ್ರವಾಸದಲ್ಲಿ, ಯಾರ ಪಾತ್ರೆಯಲ್ಲಿ ಉಂಡೆನೆಂದು ನೆನೆಯುತ್ತ ಕಳೆದರು. ಅಂದಿನಿಂದ ಆ ಕರಪತ್ರಗಳು ನನಗೆ ನಿರುಪದ್ರವಿಯಾಗಿ ಕಾಣುತ್ತಿಲ್ಲ.

ಮೊದಲನೆಯ ವಾಕ್ಯ

ನಾನು ವೈದ್ಯನಲ್ಲ, ವಾಣಿಜ್ಯ ಪದವೀಧರ. ಆದರೆ ಶೇಕಡಾವಾರು ಲೆಕ್ಕ ನಮ್ಮ ಕುಲವಿದ್ಯೆ. ಆದುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಫ್ರಾನ್ಸಿನ ಲಿಯೋನ್ ನಗರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಿದೆ. 2015ರ ಅಕ್ಟೋಬರಿನಲ್ಲಿ 10 ದೇಶಗಳ 22 ತಜ್ಞರು ಅಲ್ಲಿ ಸೇರಿ, 800ಕ್ಕೂ ಮಿಕ್ಕ ಅಧ್ಯಯನಗಳನ್ನು ಪರಿಶೀಲಿಸಿ ಎರಡು ತೀರ್ಮಾನ ಕೊಟ್ಟರು. ಉಪ್ಪು ಹಾಕಿ, ಹೊಗೆಯಿಟ್ಟು, ರಾಸಾಯನಿಕ ಬೆರೆಸಿ ಕೆಡದಂತೆ ಮಾಡಿದ ಸಂಸ್ಕರಿತ ಮಾಂಸವು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ. ಅದು ಒಂದನೆಯ ಗುಂಪಿಗೆ ಸೇರಿತು. ದನ, ಹಂದಿ, ಕುರಿ, ಮೇಕೆ ಮೊದಲಾದ ಪ್ರಾಣಿಗಳ ಕೆಂಪು ಮಾಂಸವು ಕ್ಯಾನ್ಸರ್ ತರುವ ಸಂಭವ ಹೆಚ್ಚು. ಅದು ಎರಡನೆಯ ಗುಂಪಿನ 'ಎ' ವಿಭಾಗಕ್ಕೆ ಸೇರಿತು. ಇವೆರಡರ ಸಂಬಂಧವೂ ಮುಖ್ಯವಾಗಿ ದೊಡ್ಡಕರುಳು ಮತ್ತು ಗುದನಾಳದ ಕ್ಯಾನ್ಸರಿನೊಂದಿಗೆ. ಮಾಂಸದ ಕೆಂಪಿಗೆ ಕಾರಣವಾದ ಹೀಮ್ ಎಂಬ ಕಬ್ಬಿಣಾಂಶ, ಕೆಡದಂತೆ ಬೆರೆಸುವ ನೈಟ್ರೈಟ್, ಕರುಳಿನಲ್ಲಿ ಇವುಗಳಿಂದ ಹುಟ್ಟುವ ನೈಟ್ರೋಸೋ ಸಂಯುಕ್ತಗಳು, ಕೆಂಡದ ಮೇಲೆ ಸುಟ್ಟಾಗ ಉಂಟಾಗುವ ವಿಷಪದಾರ್ಥಗಳು ಇದಕ್ಕೆ ಕಾರಣಗಳಿರಬೇಕೆಂದು ವಿಜ್ಞಾನಿಗಳ ಅಭಿಪ್ರಾಯ.

ಕರಪತ್ರದ ಮೊದಲನೆಯ ವಾಕ್ಯಕ್ಕೆ ಇಷ್ಟರ ಮಟ್ಟಿಗೆ ಆಧಾರವಿದೆಯೆಂದು ಒಪ್ಪಬೇಕು. ದೋಷವಿರುವುದು ಅಳತೆಯಲ್ಲಿ. ಒಂದನೆಯ ಗುಂಪಿನಲ್ಲಿ ತಂಬಾಕೂ ಇದೆಯಾದ್ದರಿಂದ, ಮಾಂಸ ತಿನ್ನುವುದು ಬೀಡಿ ಸೇದಿದಷ್ಟೇ ಅಪಾಯವೆಂದು ನಮ್ಮವರು ಬರೆಯುತ್ತಾರೆ. ಆ ಗುಂಪುಗಳು ಸಾಕ್ಷ್ಯದ ಬಲವನ್ನು ಹೇಳುತ್ತವೆಯೇ ಹೊರತು ಅಪಾಯದ ಪ್ರಮಾಣವನ್ನಲ್ಲ. ಸಾಲ ಇರುವುದು ನಿಜವೆಂದು ಪತ್ರದಿಂದ ಸಿದ್ಧವಾಗುವುದು ಬೇರೆ, ಸಾಲದ ಮೊತ್ತ ಬೇರೆ. ಹತ್ತು ರೂಪಾಯಿಯ ಸಾಲಪತ್ರವೂ ಹತ್ತು ಲಕ್ಷದ ಸಾಲಪತ್ರವೂ ಸಮಾನವಾಗಿ ಸಿಂಧುವಾಗಿರಬಹುದು. ವರ್ಷಕ್ಕೆ ಜಗತ್ತಿನಲ್ಲಿ ತಂಬಾಕಿನಿಂದ ಸುಮಾರು 10 ಲಕ್ಷ, ಮದ್ಯದಿಂದ 6 ಲಕ್ಷ, ಸಂಸ್ಕರಿತ ಮಾಂಸ ಹೆಚ್ಚಿರುವ ಆಹಾರದಿಂದ 34 ಸಾವಿರ ಕ್ಯಾನ್ಸರ್ ಸಾವುಗಳೆಂಬ ಅಂದಾಜನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಆಗ ಮುಂದಿಟ್ಟಿತ್ತು. ಕರಪತ್ರಗಳು ಸಂಸ್ಥೆಯ ಹೆಸರನ್ನು ಎತ್ತಿಕೊಂಡು ಈ ಅಂಕಿಗಳನ್ನು ಬಿಟ್ಟವು.

ಇನ್ನು ಶೇಕಡಾ 18ರ ಮಾತು. ದಿನವೂ 50 ಗ್ರಾಂ ಸಂಸ್ಕರಿತ ಮಾಂಸ ತಿಂದರೆ ದೊಡ್ಡಕರುಳಿನ ಕ್ಯಾನ್ಸರಿನ ಸಂಭವ ಶೇಕಡಾ 18ರಷ್ಟು ಏರುತ್ತದೆಂಬುದು ವರದಿಯ ಮಾತು. 'ನೂರು ಮಾಂಸಾಹಾರಿಗಳಲ್ಲಿ ಹದಿನೆಂಟು ಮಂದಿಗೆ ಕ್ಯಾನ್ಸರ್' ಎಂದು ಒಂದು ಕರಪತ್ರದಲ್ಲಿ ಅಚ್ಚಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಶೇಕಡಾ 18 ಎಂದರೆ ಯಾವ ಬಂಡವಾಳದ ಮೇಲೆ ಎಂದು ಕೇಳದ ವ್ಯಾಪಾರಿ ಉಂಟೇ? ಲೆಕ್ಕದ ಅನುಕೂಲಕ್ಕಾಗಿ, ಸಾವಿರ ಜನರಲ್ಲಿ 50 ಮಂದಿಗೆ ಜೀವಮಾನದಲ್ಲಿ ಆ ರೋಗ ಬರುತ್ತದೆಂದು ಇಟ್ಟುಕೊಳ್ಳೋಣ. ಶೇಕಡಾ 18ರ ಏರಿಕೆಯೆಂದರೆ 50 ಇದ್ದದ್ದು 59 ಆಗುತ್ತದೆ. ಆ ಒಂಬತ್ತು ಜೀವಗಳು ಅಲ್ಪವೆಂದು ನಾನು ಹೇಳುತ್ತಿಲ್ಲ. ಸಾವಿರಕ್ಕೆ ಒಂಬತ್ತನ್ನು ನೂರಕ್ಕೆ ಹದಿನೆಂಟೆಂದು ಬರೆಯುವ ಗುಮಾಸ್ತನನ್ನು ನಮ್ಮಲ್ಲಿ ಯಾರೂ ಅಂಗಡಿಯಲ್ಲಿ ಇರಿಸಿಕೊಳ್ಳುವುದಿಲ್ಲ ಎನ್ನುತ್ತಿದ್ದೇನೆ.

ಎರಡನೆಯ ವಾಕ್ಯ

ಶಾಕಾಹಾರಿಗೆ ಭಯವಿಲ್ಲವೆಂಬುದು ಎರಡನೆಯ ವಾಕ್ಯ. ಅಮೆರಿಕದ ಅಡ್ವೆಂಟಿಸ್ಟ್ ಪಂಥದವರಲ್ಲಿ ನಡೆದ, 77,659 ಜನರನ್ನೊಳಗೊಂಡ ಅಧ್ಯಯನದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಅಲ್ಲಿನ ಶಾಕಾಹಾರಿಗಳಲ್ಲಿ ದೊಡ್ಡಕರುಳು-ಗುದನಾಳದ ಕ್ಯಾನ್ಸರ್ ಶೇಕಡಾ 22ರಷ್ಟು ಕಡಮೆಯಿತ್ತು. ನಮ್ಮ ಭಾಷಣಕಾರರು ಇದನ್ನು ಹೇಳುತ್ತಾರೆ. ಅದೇ ಅಧ್ಯಯನದಲ್ಲಿ, ಬೇರೆ ಮಾಂಸ ಬಿಟ್ಟು ಮೀನು ತಿನ್ನುವವರಲ್ಲಿ ಆ ರೋಗ ಶೇಕಡಾ 43ರಷ್ಟು ಕಡಮೆಯಿತ್ತೆಂಬುದನ್ನು ಹೇಳುವುದಿಲ್ಲ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಅಧ್ಯಯನದ 2009ರ ವರದಿಯಲ್ಲಿ ಒಟ್ಟು ಕ್ಯಾನ್ಸರ್ ಶಾಕಾಹಾರಿಗಳಲ್ಲಿ ತುಸು ಕಡಮೆಯಿದ್ದರೂ, ದೊಡ್ಡಕರುಳು-ಗುದನಾಳದ ಕ್ಯಾನ್ಸರ್ ಮಾತ್ರ ಮಾಂಸಾಹಾರಿಗಳಿಗಿಂತ ಶೇಕಡಾ 39ರಷ್ಟು ಹೆಚ್ಚೇ ಕಂಡಿತ್ತು. ಮುಂದೆ ಹೆಚ್ಚಿನ ಜನರನ್ನು ಸೇರಿಸಿ ನೋಡಿದಾಗ ಆ ವ್ಯತ್ಯಾಸ ಉಳಿಯಲಿಲ್ಲ. ಜಮೆಯನ್ನಷ್ಟೇ ಓದಿ ಖರ್ಚಿನ ಪುಟವನ್ನು ಮಡಿಸಿಡುವುದಕ್ಕೆ ಲೆಕ್ಕ ತೋರಿಸುವುದೆಂದು ಹೆಸರಲ್ಲ.

ಸಸ್ಯಗಳಲ್ಲಿ ಹಿತಕರವಾದುದು ಇಲ್ಲವೇ? ಇದೆ. ಸಿಪ್ಪೆ ತೆಗೆಯದ ಧಾನ್ಯ, ಬೇಳೆ, ಸೊಪ್ಪು, ತರಕಾರಿಗಳ ನಾರು ಕರುಳನ್ನು ಕಾಯುತ್ತದೆಂಬುದಕ್ಕೆ ಸಾಕಷ್ಟು ಬಲವಾದ ಸಾಕ್ಷ್ಯವಿದೆ. ಆದರೆ ನಮ್ಮ ಇಂದಿನ ಶುಭಕಾರ್ಯಗಳ ಪಂಕ್ತಿಯಲ್ಲಿ ಬಿಳಿ ಅನ್ನ, ಮೈದಾ, ಸಕ್ಕರೆ, ಕರಿದ ತಿಂಡಿಗಳ ನಡುವೆ ನಾರನ್ನು ಹುಡುಕಬೇಕಾಗಿದೆ. ಮಾಂಸವಿಲ್ಲದ ಎಲೆಯೆಲ್ಲ ಆರೋಗ್ಯದ ಎಲೆಯಲ್ಲ.

ಸಸ್ಯದ ಸತ್ತ್ವವನ್ನು ಗುಳಿಗೆಯಾಗಿ ಮಾರುವವರೂ ಈಗ ಬಸದಿಯ ಪ್ರವಚನ ಮಂಟಪದವರೆಗೆ ಬಂದಿದ್ದಾರೆ. ಅವರಿಗಾಗಿ ಒಂದು ಪ್ರಸಂಗ. ಗಜ್ಜರಿಗೆ ಬಣ್ಣ ಕೊಡುವ ಬೀಟಾ ಕ್ಯಾರೋಟಿನ್ ಕ್ಯಾನ್ಸರನ್ನು ತಡೆಯಬಹುದೆಂದು 1980ರ ದಶಕದಲ್ಲಿ ದೊಡ್ಡ ಆಶೆಯಿತ್ತು. ಫಿನ್‌ಲೆಂಡಿನಲ್ಲಿ ಧೂಮಪಾನಿಗಳಾದ 29,133 ಪುರುಷರ ಮೇಲೆ ಇದನ್ನು ಪರೀಕ್ಷಿಸಿದರು. 1994ರಲ್ಲಿ ಫಲಿತಾಂಶ ಬಂದಾಗ, ದಿನಕ್ಕೆ 20 ಮಿಲಿಗ್ರಾಂ ಗುಳಿಗೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಮೆಯಾಗಿರಲಿಲ್ಲ, ಶೇಕಡಾ 18ರಷ್ಟು ಹೆಚ್ಚಿತ್ತು. ಅಮೆರಿಕದಲ್ಲಿ 18,314 ಜನರ ಮೇಲೆ ನಡೆಯುತ್ತಿದ್ದ ಇಂಥದೇ ಪ್ರಯೋಗವನ್ನು, ರೋಗ ಹೆಚ್ಚುತ್ತಿರುವುದು ಕಂಡು 1996ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ಸಂಸ್ಕರಿತ ಮಾಂಸದ ವಿಷಯದಲ್ಲಿ ನಮ್ಮನ್ನು ಹಿಗ್ಗಿಸಿದ ಆ 18 ಎಂಬ ಅಂಕಿಯೇ ಇಲ್ಲಿ ಗಜ್ಜರಿಯ ಸತ್ತ್ವದ ಖಾತೆಯಲ್ಲಿ ಬಿದ್ದಿದೆ. ತರಕಾರಿ ತಿನ್ನುವುದು ಬೇರೆ, ಅದರೊಳಗಿನ ಒಂದು ಪದಾರ್ಥವನ್ನು ಹಿಂಡಿ ತೆಗೆದು ನುಂಗುವುದು ಬೇರೆ ಎಂಬುದನ್ನು ಆ ಪ್ರಯೋಗಗಳು ಕಲಿಸಿದವು.

ಇನ್ನೊಂದು ಮಾತನ್ನು ಸಂಕೋಚದಿಂದಲೇ ಬರೆಯುತ್ತೇನೆ. ತಂಬಾಕೂ ಸಸ್ಯವೇ, ಅಡಿಕೆಯೂ ಸಸ್ಯವೇ. ಅದೇ ಲಿಯೋನ್ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ, ತಂಬಾಕು ಬೆರೆಸದ ಅಡಿಕೆಯನ್ನೂ ಒಂದನೆಯ ಗುಂಪಿಗೆ ಸೇರಿಸಿದೆ. ಭಾರತದ ಪುರುಷರಲ್ಲಿ ಮುಂಚೂಣಿಯಲ್ಲಿರುವುದು ಬಾಯಿಯ ಕ್ಯಾನ್ಸರ್. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾದ ಮೇಲೆ ಮಸಾಲೆ ಮತ್ತು ತಂಬಾಕನ್ನು ಎರಡು ಪೊಟ್ಟಣಗಳಲ್ಲಿ ಮಾರುವ ಉಪಾಯ ಹೊರಟಿತು. ಅವನ್ನು ಮಾರುವವರಲ್ಲಿ ನಮ್ಮವರಿಲ್ಲವೇ? ಮಾಂಸದ ಕ್ಯಾನ್ಸರಿನ ಕರಪತ್ರ ಹಂಚುತ್ತಿದ್ದ ತರುಣನೊಬ್ಬನ ಕೆನ್ನೆಯಲ್ಲಿ ಅದೇ ಮಿಶ್ರಣ ಉಬ್ಬಿದ್ದುದನ್ನು ಕಂಡೆ. ಅವನ ಬಾಯಲ್ಲಿದ್ದುದು ಅಪ್ಪಟ ಶಾಕಾಹಾರ. ಆ ಕ್ಷಣದಲ್ಲಿ ಕರಪತ್ರ ತೆಗೆದುಕೊಂಡವರಿಗಿಂತ ಕೊಟ್ಟವನಿಗೇ ಅಪಾಯ ಹೆಚ್ಚಿತ್ತು.

ಮೂರನೆಯ ವಾಕ್ಯ

ನಮ್ಮ ಆಚಾರ್ಯರು ಇದನ್ನು ಮೊದಲೇ ಅರಿತಿದ್ದರೆಂಬ ಮೂರನೆಯ ವಾಕ್ಯ ಕೇಳಲು ಅತ್ಯಂತ ಮಧುರವಾದುದು. ಆಚಾರ್ಯರಿಗೆ ಅತ್ಯಂತ ಅನ್ಯಾಯ ಮಾಡುವುದೂ ಅದೇ.

ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಮಾಂಸವನ್ನು ಮಾತ್ರವಲ್ಲ, ಮೂಲಂಗಿಯನ್ನೂ ಹಸಿಶುಂಠಿಯನ್ನೂ ಬಿಡಲು ಹೇಳುತ್ತಾರೆ. ಅವರು ಕೊಡುವ ಕಾರಣ, ಫಲ ಅಲ್ಪ, ಜೀವಘಾತ ಬಹಳ ಎಂಬುದು. ಮೂಲಂಗಿ ಎಲೆಕೋಸಿನ ಕುಟುಂಬದ ಸಸ್ಯ. ಆ ಕುಟುಂಬದ ಗಂಧಕಯುಕ್ತ ಪದಾರ್ಥಗಳನ್ನು ಕ್ಯಾನ್ಸರಿನ ವಿಷಯದಲ್ಲಿ ಸಂಶೋಧಕರು ಆಸಕ್ತಿಯಿಂದ ಪರೀಕ್ಷಿಸುತ್ತಿದ್ದಾರೆ. ನಾವು ಬಿಟ್ಟಿರುವ ಬೆಳ್ಳುಳ್ಳಿ, ಈರುಳ್ಳಿಗಳಂತೂ ಇಂಥ ಪಟ್ಟಿಗಳಲ್ಲಿ ಮೊದಲಿಗೆ ಬರುತ್ತವೆ. ಈಗ ಮೂರನೆಯ ವಾಕ್ಯದವರು ಏನು ಹೇಳುತ್ತಾರೆ? ಮಾಂಸದ ವಿಷಯದಲ್ಲಿ ವಿಜ್ಞಾನ ಆಚಾರ್ಯರನ್ನು ಸಮರ್ಥಿಸಿತೆಂದರೆ, ಬೆಳ್ಳುಳ್ಳಿಯ ವಿಷಯದಲ್ಲಿ ಅದು ಅವರನ್ನು ಖಂಡಿಸಿತೆಂದು ಒಪ್ಪಬೇಕಾಗುತ್ತದೆ. ಆಚಾರ್ಯರು ಆ ನ್ಯಾಯಾಲಯಕ್ಕೆ ಎಂದೂ ಅರ್ಜಿ ಹಾಕಿರಲಿಲ್ಲ. ಅವರ ಪ್ರಶ್ನೆ ಉಣ್ಣುವವನ ದೇಹಕ್ಕೇನಾಗುತ್ತದೆ ಎಂಬುದಲ್ಲ, ಉಣ್ಣಲ್ಪಡುವ ಜೀವಕ್ಕೇನಾಗುತ್ತದೆ, ಉಣ್ಣುವವನ ಭಾವಕ್ಕೇನಾಗುತ್ತದೆ ಎಂಬುದು.

ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಕೊಲ್ಲದೆ ತಾನಾಗಿ ಸತ್ತ ಪ್ರಾಣಿಯ ಮಾಂಸವನ್ನೂ ಏಕೆ ಬಿಡಬೇಕೆಂದು ವಿಚಾರಿಸುತ್ತಾರೆ. ಅದರಲ್ಲಿ ಹುಟ್ಟುವ ನಿಗೋದ ಜೀವಿಗಳ ಘಾತವಾಗುವುದೆಂಬುದೇ ಅಲ್ಲಿಯ ಕಾರಣ. ತಿಂದವನಿಗೆ ರೋಗ ಬರುವುದೆಂಬುದಲ್ಲ. ನಮ್ಮ ಕನ್ನಡದ ಜನ್ನ ಕವಿ ಯಶೋಧರ ಚರಿತೆಯಲ್ಲಿ ಇನ್ನೂ ಮುಂದೆ ಹೋಗುತ್ತಾನೆ. ಅಲ್ಲಿ ಬಲಿಯಾದುದು ಹಿಟ್ಟಿನ ಕೋಳಿ. ಅದರಲ್ಲಿ ಹೀಮ್ ಇಲ್ಲ, ನೈಟ್ರೈಟ್ ಇಲ್ಲ, ಮಾಂಸದ ಒಂದು ಕಣವಿಲ್ಲ. ಆದರೂ ಸಂಕಲ್ಪಹಿಂಸೆಯ ಫಲವಾಗಿ ತಾಯಿಮಕ್ಕಳು ಭವಭವಗಳಲ್ಲಿ ತಿರ್ಯಂಚರಾಗಿ ತೊಳಲುತ್ತಾರೆ. ಈ ಕಾವ್ಯವನ್ನು ಓದುವ ಸಮಾಜವು ಅಹಿಂಸೆಗೆ ಪ್ರಯೋಗಶಾಲೆಯ ಪ್ರಮಾಣಪತ್ರ ಹುಡುಕುವುದು ವಿಚಿತ್ರ.

ಆ ಪ್ರಮಾಣಪತ್ರದ ಬೆಲೆಯನ್ನೂ ನೋಡಬೇಕು. ಹೀಮ್ ಕರುಳಿಗೆ ಹಾನಿ ಮಾಡುವುದನ್ನೂ, ಸೊಪ್ಪಿನ ಹಸಿರು ಅದನ್ನು ತಡೆಯುವುದನ್ನೂ ತೋರಿಸಿದ ಪ್ರಯೋಗಗಳು ನಡೆದದ್ದು ಇಲಿಗಳ ಮೇಲೆ. ಶಾಕಾಹಾರದ ಹಿರಿಮೆಗೆ ಪಂಚೇಂದ್ರಿಯ ಜೀವಿಗಳನ್ನು ಸೀಳಿ ಪಡೆದ ಸಾಕ್ಷ್ಯವನ್ನು ಬಸದಿಯ ಬಾಗಿಲಲ್ಲಿ ಹಿಗ್ಗಿನಿಂದ ಹಂಚುವಾಗ, ಆ ಹಿಂಸೆಗೆ ನಮ್ಮ ಅನುಮೋದನೆ ಸೇರುವುದಿಲ್ಲವೇ?

ಒಂದು ಆಕ್ಷೇಪ

ಮಾತು ಸ್ವಲ್ಪ ಉತ್ಪ್ರೇಕ್ಷೆಯಾದರೇನು, ಭಯದಿಂದಲಾದರೂ ಒಬ್ಬನು ಮಾಂಸ ಬಿಟ್ಟರೆ ಒಂದು ಜೀವ ಉಳಿಯಿತಲ್ಲ ಎಂದು ನನ್ನ ಮಿತ್ರರು ಕೇಳುತ್ತಾರೆ. ಈ ಆಕ್ಷೇಪ ಗೌರವಕ್ಕೆ ಅರ್ಹವಾದುದು, ಉತ್ತರವೂ ಇದೆ. 2015ರ ವರದಿಯು ವಿಚಾರಿಸಿದ್ದು ಕೆಂಪು ಮಾಂಸವನ್ನು ಮತ್ತು ಸಂಸ್ಕರಿತ ಮಾಂಸವನ್ನು. ಕೋಳಿ, ಮೀನು ಅದರ ವಿಷಯವಲ್ಲ. ಕ್ಯಾನ್ಸರಿಗೆ ಹೆದರಿದವನು ವೈದ್ಯರನ್ನು ಕೇಳಿ ಕುರಿಯನ್ನು ಬಿಟ್ಟು ಕೋಳಿಗೆ ಹೋಗುತ್ತಾನೆ, ಕೋಳಿಯಿಂದ ಮೀನಿಗೆ ಹೋಗುತ್ತಾನೆ. ಒಂದು ಕುರಿಯ ಮಾಂಸದ ತೂಕಕ್ಕೆ ಎಷ್ಟು ಕೋಳಿಗಳು ಬೇಕು, ಎಷ್ಟು ಮೀನುಗಳು ಬೇಕು, ಲೆಕ್ಕ ಹಾಕಿ ನೋಡಿರಿ. ದೇಹದ ಭಯದಿಂದ ಹೊರಟವನು ದೇಹಕ್ಕೆ ಕ್ಷೇಮವಾದಲ್ಲಿ ನಿಲ್ಲುತ್ತಾನೆ. ಜೀವದಯೆಯಿಂದ ಹೊರಟವನು ಮಾತ್ರ ಜೀವಕ್ಕೆ ಕ್ಷೇಮವಾದಲ್ಲಿ ನಿಲ್ಲುತ್ತಾನೆ. ಕರಪತ್ರ ಉಳಿಸಿದ ಒಂದು ಜೀವದ ಜಮೆಗೆ ಎದುರಾಗಿ ಹಲವು ಜೀವಗಳ ಖರ್ಚು ಬೀಳುವ ಸಂಭವವಿದೆ.

ಎಲ್ಲಕ್ಕಿಂತ ಮಿಗಿಲಾಗಿ, ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಮಿಥ್ಯೋಪದೇಶವನ್ನೂ ಕೂಟಲೇಖಕ್ರಿಯೆಯನ್ನೂ ಹೇಳಿದ್ದಾರೆ. ಸುಳ್ಳು ಲೆಕ್ಕ ಬರೆಯುವುದು ಅಂಗಡಿಯಲ್ಲಿ ದೋಷವಾದರೆ ಬಸದಿಯ ಹೆಸರಿನಲ್ಲಿ ಗುಣವಾಗುವುದಿಲ್ಲ. ಒಂದು ವ್ರತವನ್ನು ಕಾಯಲು ಇನ್ನೊಂದನ್ನು ಒತ್ತೆಯಿಡುವ ವ್ಯಾಪಾರವನ್ನು ಆಚಾರ್ಯರು ನಮಗೆ ಕಲಿಸಿಲ್ಲ.

ಬಸದಿಗಳ ಟ್ರಸ್ಟುಗಳಿಗೆ ನನ್ನ ವಿನಂತಿ ಚಿಕ್ಕದು. ಮುಂದಿನ ಪರ್ವದಲ್ಲಿ ಆರೋಗ್ಯದ ಪುಟವನ್ನು ಅಚ್ಚುಹಾಕಿಸುವುದಾದರೆ ಅದನ್ನು ಮೊದಲು ಒಬ್ಬ ವೈದ್ಯರಿಗೆ ತೋರಿಸಿರಿ. ಅದರಲ್ಲಿ ತಂಬಾಕು ಮತ್ತು ಅಡಿಕೆಯ ಮಾತು ಮೊದಲು ಬರಲಿ. ಮಲದಲ್ಲಿ ರಕ್ತ ಕಂಡರೆ, ಬಾಯಿಯ ಹುಣ್ಣು ಮೂರು ವಾರಗಳಲ್ಲಿ ಮಾಯದಿದ್ದರೆ, ಉಣ್ಣುವುದು ಏನೇ ಆಗಿರಲಿ, ತಡಮಾಡದೆ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ದಪ್ಪಕ್ಷರದಲ್ಲಿ ಬರೆಯಿಸಿರಿ. ಮಾಂಸವನ್ನು ಏಕೆ ಬಿಡಬೇಕೆಂಬುದಕ್ಕೆ ಇನ್ನೊಂದು ಪುಟವಿರಲಿ. ಅದಕ್ಕೆ ಒಂದೇ ವಾಕ್ಯ ಸಾಕು. ನಮ್ಮಂತೆಯೇ ಆ ಜೀವಕ್ಕೂ ಬದುಕುವ ಆಶೆಯಿದೆ. ಈ ವಾಕ್ಯವನ್ನು ಯಾವ ಹೊಸ ವರದಿಯೂ ಬದಲಾಯಿಸಲಾರದು. ಇದನ್ನು ಓದಿದ್ದರೆ ಆ ತಾಯಿ, ರೋಗಶಯ್ಯೆಯಲ್ಲಿ ಮಲಗಿ, ತಾನೆಲ್ಲಿ ತಪ್ಪಿದೆನೆಂದು ಹುಡುಕಬೇಕಾಗಿರಲಿಲ್ಲ. ಅವರು ಎಲ್ಲಿಯೂ ತಪ್ಪಿರಲಿಲ್ಲ.