ವೆಲ್ಲೆಸ್ಲಿಯ ಪತ್ರಗಳಲ್ಲಿ ಕೊಪ್ಪಳ ಸೀಮೆ

1815ರಲ್ಲಿ ವಾಟರ್ಲೂ ರಣರಂಗದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್ನನು 1800ರಲ್ಲಿ ಕನ್ನಡ ನಾಡಿನಲ್ಲಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಧೋಂಡಿಯ ವಾಘನ ಮೇಲೆ ಅವನು ನಡೆಸಿದ ದಂಡಯಾತ್ರೆಗೆ ಅವನ ಪತ್ರಗಳೇ ಮುಖ್ಯ ಆಧಾರ. ಗರ್‌ವುಡ್ಡನ ಸಂಪಾದಕತ್ವದಲ್ಲಿ 1834ರಿಂದ ಅಚ್ಚಾದ ಈ ಪತ್ರಗಳನ್ನು ನಾವು ಹೇಗೆ ಓದಬೇಕೆಂಬುದು ಇಲ್ಲಿ ವಿಚಾರಾರ್ಹವಾದ ವಿಷಯ.

ಚನ್ನಗಿರಿಯ ಧೋಂಡಿಯನು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸೆರೆಯಿಂದ ಬಿಡುಗಡೆ ಹೊಂದಿ ಸೈನ್ಯವನ್ನು ಕೂಡಿಸಿದನು. ಅವನನ್ನು ಬೆನ್ನಟ್ಟಿದ ವೆಲ್ಲೆಸ್ಲಿಯು ಮಲಪ್ರಭೆಯನ್ನು ದಾಟಿ, ಸೆಪ್ಟೆಂಬರ್ ಮೊದಲ ವಾರದಲ್ಲಿ ಕುಷ್ಟಗಿ ಸೀಮೆಯ ಹನುಮಸಾಗರದ ಬಳಿ ನಿಜಾಮನ ರಾಜ್ಯವನ್ನು ಹೊಕ್ಕು, ಗಂಗಾವತಿಯ ಕಡೆಯ ಕನಕಗಿರಿಗೆ ಬಂದನು. 10ನೆಯ ತಾರೀಖು ಕೋನಗಲ್ಲಿನಲ್ಲಿ ನಾಲ್ಕು ಅಶ್ವದಳಗಳನ್ನು ಒಂದೇ ಸಾಲಾಗಿ ನಿಲ್ಲಿಸಿ, ಸುಮಾರು 5000 ಕುದುರೆಗಳ ಸೈನ್ಯದ ಮೇಲೆ ನುಗ್ಗಿದನು. ಧೋಂಡಿಯನು ಮಡಿದನು.

ಪತ್ರಗಳ ಗುಣವು ನಿಸ್ಸಂದೇಹವಾದುದು: ದೂರ, ದಿನ, ದಂಡಿನ ಚಲನೆ ಎಲ್ಲವೂ ಸ್ಪಷ್ಟ. ಆದರೆ ಹನುಮಸಾಗರವು 'ಹನ್‌ಮನ್‌ಸಾಗರ್' ಆಗಿ, ಕನಕಗಿರಿಯು 'ಕಾನಗೆರಿ' ಆಗಿ ಕಾಣುವ ಈ ಬರವಣಿಗೆಯಲ್ಲಿ ಊರುಗಳು ಬರಿಯ ಬಿಡಾರಗಳು. ಕನಕಾಚಲಪತಿಯ ಗುಡಿಯಿರುವ, ನಾಯಕರು ಆಳಿದ ಊರು ಇದೆಂಬ ಅರಿವು ಅಲ್ಲಿಲ್ಲ. ದಂಡು ತುಳಿದ ಹೊಲಗಳ ಒಕ್ಕಲಿಗರ ಮಾತಂತೂ ಇಲ್ಲವೇ ಇಲ್ಲ.

ಇದಕ್ಕಿಂತ ಗುರುತರವಾದ ಪ್ರಶ್ನೆ ಧೋಂಡಿಯನಿಗೆ ಕೊಟ್ಟ ಹೆಸರಿನದು. ಕಂಪನಿಯ ಕಾಗದಗಳಲ್ಲಿ ಅವನು ಬರಿಯ ದರೋಡೆಕೋರ. ಸಿಕ್ಕಿದೊಡನೆ ಗಲ್ಲಿಗೇರಿಸಬೇಕೆಂದು ಮದರಾಸಿನ ಆಜ್ಞೆ. ಆದರೆ ಅದೇ ಪಕ್ಷದ ಥಾಮಸ್ ಮನ್ರೋ, ಈ ಸೈನ್ಯ ಅಡ್ಡಬಾರದಿದ್ದರೆ ಧೋಂಡಿಯನು ಸ್ವತಂತ್ರ ರಾಜನಾಗಿ ಹೊಸ ವಂಶವನ್ನೇ ಸ್ಥಾಪಿಸುತ್ತಿದ್ದನೆಂದು ವೆಲ್ಲೆಸ್ಲಿಗೇ ಬರೆದನು. ಈ ದಂಡಯಾತ್ರೆಗಾಗಿ ವೆಲ್ಲೆಸ್ಲಿಯು ಬಟೇವಿಯಾ ದಂಡಿನ ನಾಯಕತ್ವವನ್ನೂ ಬಿಟ್ಟುಕೊಟ್ಟಿದ್ದನು. ಬರಿಯ ಕಳ್ಳನಿಗಾಗಿ ಇಷ್ಟು ಸಿದ್ಧತೆಯೇ? ಧೋಂಡಿಯನ ಸುಲಿಗೆಯನ್ನು ಮರೆಮಾಚಬೇಕಾಗಿಲ್ಲ. ಗೆದ್ದವನು ಇಟ್ಟ ಹೆಸರನ್ನೇ ಇತಿಹಾಸದ ತೀರ್ಪೆಂದು ಭಾವಿಸಬಾರದು, ಅಷ್ಟೆ.

ಧೋಂಡಿಯನ ಪುಟ್ಟ ಮಗ ಸಲಾಬತ್ ಖಾನನನ್ನು ವೆಲ್ಲೆಸ್ಲಿಯು ಸಾಕಿಸಿದನು. 1805ರಲ್ಲಿ ಭರತಖಂಡವನ್ನು ಬಿಡುವಾಗ ಅವನ ಪೋಷಣೆಗೆ ಹಣವಿಟ್ಟು ಹೋದನು. ಚರಿತ್ರಕಾರರು ಇದನ್ನು ನಾಯಕನ ಔದಾರ್ಯವೆಂದು ಕೊಂಡಾಡುವುದು ಯುಕ್ತವೇ. ಆದರೆ ವ್ಯಕ್ತಿಯ ಕರುಣೆಯು ಯುದ್ಧದ ನ್ಯಾಯಕ್ಕೆ ಪ್ರಮಾಣವಾಗಲಾರದು. ಇವೆರಡನ್ನೂ ಬೇರೆಬೇರೆಯಾಗಿ ತೂಗಿ ನೋಡುವುದು ವಿಮರ್ಶಕನ ಕರ್ತವ್ಯ.