ಗುಡ್ಡದ ಏರಿಗೆ ಯಾವ ಗಾಳಿ?

ಉಳ್ಳಾಗಡ್ಡಿ ಸುಗ್ಗಿ ಬಂತೆಂದರೆ ನರಗುಂದ, ರೋಣ, ಗಜೇಂದ್ರಗಡದ ಗ್ಯಾರೇಜುಗಳಲ್ಲಿ ಒಂದೇ ಮಾತು: ಗಾಡಿ ಇನ್ನಷ್ಟು ಜಗ್ಗಬೇಕು. ಮೊದಲಾದರೆ ಮಿಸ್ತ್ರಿಯ ಉತ್ತರವೂ ಒಂದೇ ಇತ್ತು, ಪಂಪು ಬಿಚ್ಚಿ ಡೀಸೆಲ್ ಹೆಚ್ಚು ಬಿಡುವುದು. ಈಗಿನ ಹುಡುಗರು ಅಮೆರಿಕದ 700 ಅಶ್ವಶಕ್ತಿಯ ಪಿಕಪ್ಪುಗಳನ್ನು ಮೊಬೈಲಿನಲ್ಲಿ ನೋಡಿರುತ್ತಾರೆ. "ಯಣ್ಣಾ, ದೊಡ್ಡ ಟರ್ಬೊ ಹಾಕಸೂದು ಚಲೋನೋ, ಸೂಪರ್‌ಚಾರ್ಜರ್ ಚಲೋನೋ?" ಎಂದು ಕೇಳುತ್ತಾರೆ.

ಈ ಪ್ರಶ್ನೆ ನನಗೆ ಬಹಳ ಪ್ರಿಯ. ಎಂಜಿನ್ನಿಗೆ ಗಾಳಿ ತುಂಬುವ ಈ ಎರಡು ಯಂತ್ರಗಳಷ್ಟು ಸೊಗಸಾದ ವಸ್ತುಗಳು ವಾಹನಲೋಕದಲ್ಲಿ ಕಡಿಮೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ: ಹೇರು ಹೊರುವ ಡೀಸೆಲ್ ಪಿಕಪ್ಪಿಗೆ ಟರ್ಬೊ. ಅದೂ ಚಿಕ್ಕದು, ಗಾಡಿಯ ಜೊತೆಗೆ ಬಂದದ್ದೇ.

ಎಂಜಿನ್ ತಿನ್ನುವುದು ಡೀಸೆಲ್ಲಿಗಿಂತ ಗಾಳಿಯನ್ನೇ ಹೆಚ್ಚು. ನಮ್ಮ ರಸ್ತೆಗಳ ಮೇಲೆ ಎಲ್ಲೆಲ್ಲೂ ಕಾಣುವ ಬೊಲೆರೊ ಪಿಕಪ್ಪನ್ನೇ ತಗೊಳ್ಳಿ. ಅದರದ್ದು 2523 ಸಿಸಿ ಎಂಜಿನ್. ಸಿಲಿಂಡರುಗಳು ಎರಡು ಸುತ್ತಿಗೊಮ್ಮೆ ತುಂಬುತ್ತವೆ. ನಿಮಿಷಕ್ಕೆ 1500 ಸುತ್ತಿನಲ್ಲಿ ಏರು ಹತ್ತುವಾಗ, ಟರ್ಬೊ ಇಲ್ಲದೆಯೂ, ಒಂದು ನಿಮಿಷಕ್ಕೆ ಸುಮಾರು 1900 ಲೀಟರ್ ಗಾಳಿ ಒಳಗೆ ಹೋಗಬೇಕು. ಅಷ್ಟು ಗಾಳಿ ಸಿಗದೆ ಡೀಸೆಲ್ಲನ್ನಷ್ಟೇ ಹೆಚ್ಚಿಸಿದರೆ ಅದು ಪೂರ್ತಿ ಸುಡದೆ ಕಪ್ಪು ಹೊಗೆಯಾಗಿ ಹಿಂದಿನಿಂದ ಹೊರಬೀಳುತ್ತದೆ. ಹೊಗೆ ಕಂಡು "ಗಾಡಿ ಜೋರ್ ಆಗೇತಿ" ಅನ್ನುವವರು ತಮ್ಮ ರೊಕ್ಕ ಸುಡುವುದನ್ನೇ ನೋಡುತ್ತಿರುತ್ತಾರೆ. ನಮ್ಮ ಸೀಮೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಮೇಲೆ ಬೇಸಿಗೆಯ ಬಿಸಿಲು. ಕರಾವಳಿಯ ಗಾಳಿಗಿಂತ ಇಲ್ಲಿನ ಗಾಳಿ ತುಸು ತೆಳುವೇ.

ಗಾಳಿಯನ್ನು ಒತ್ತಿ ತುಂಬಲು ದಾರಿ ಎರಡು. ಸೂಪರ್‌ಚಾರ್ಜರ್ ಎಂಜಿನ್ನಿನ ಕ್ರ್ಯಾಂಕಿನಿಂದ ಬೆಲ್ಟ್ ಹಾಕಿಸಿಕೊಂಡು ತಿರುಗುತ್ತದೆ. ಎಂಜಿನ್ ತಿರುಗಿದ ಕ್ಷಣಕ್ಕೇ ಗಾಳಿ ಸಿದ್ಧ, ಕಾಯುವ ಮಾತಿಲ್ಲ. ಆದರೆ ತಿರುಗಲು ಬೇಕಾದ ಬಲವನ್ನು ಎಂಜಿನ್ನಿನಿಂದಲೇ ಕಿತ್ತುಕೊಳ್ಳುತ್ತದೆ. ಟರ್ಬೊ ಹಾಗಲ್ಲ. ಸೈಲೆನ್ಸರಿನಿಂದ ಹೇಗೂ ಹೊರಗೆ ಹೋಗಲಿದ್ದ ಬಿಸಿ ಹೊಗೆಯನ್ನು ಒಂದು ಚಕ್ರದ ಮೇಲೆ ಹಾಯಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಗಾಳಿ ಒತ್ತುತ್ತದೆ. ಡೀಸೆಲ್ಲಿನ ಶಕ್ತಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಹೊಗೆಯ ಜೊತೆಗೆ ಹಾಳಾಗಿ ಹೋಗುತ್ತದೆ. ಟರ್ಬೊ ಅದರಲ್ಲಿ ಸ್ವಲ್ಪವನ್ನು ಮರಳಿ ದುಡಿಸಿಕೊಳ್ಳುತ್ತದೆ. ಕೊರತೆ ಒಂದೇ: ಹೊಗೆ ಜೋರಾಗುವವರೆಗೆ ಕಾಯಬೇಕು.

ಇಬ್ಬರ ಹುಟ್ಟೂ ಬೇರೆ ಬೇರೆ. ಇಂಡಿಯಾನಾದ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಗಾಳಿ ಊದುವ ಯಂತ್ರ ಕಬ್ಬಿಣ ಕರಗಿಸುವ ಕುಲುಮೆಗಳಲ್ಲಿ ದುಡಿಯಿತು. ವಾಹನದ ಎಂಜಿನ್ ಇನ್ನೂ ಹುಟ್ಟಿರದ ಕಾಲ ಅದು. ಮುಂದೆ ಜನರಲ್ ಮೋಟರ್ಸ್ 1938ರಲ್ಲಿ ತಂದ ಎರಡು ಸ್ಟ್ರೋಕಿನ ಡೀಸೆಲ್ ಎಂಜಿನ್ನುಗಳಲ್ಲಿ ಅದೇ ಜಾತಿಯ ಬ್ಲೋವರ್ ಇತ್ತು. ಲಾರಿ, ಬಸ್ಸುಗಳ ಆ ಬ್ಲೋವರುಗಳನ್ನೇ ಬಿಚ್ಚಿ ಅಮೆರಿಕದ ಹುಡುಗರು ತಮ್ಮ ಪೆಟ್ರೋಲ್ ರೇಸ್ ಕಾರುಗಳ ಮೇಲೆ ಕೂರಿಸಿದರು. ಇತ್ತ ಟರ್ಬೊ, ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಮಾಡಿಸಿದ ವಿಚಾರ. ಮೊದಲು ಹಡಗು, ರೈಲಿನ ದೊಡ್ಡ ಡೀಸೆಲ್ಲುಗಳಲ್ಲಿ ಪಳಗಿ, ಬಹಳ ತಡವಾಗಿ ಸಣ್ಣ ಗಾಡಿಗಳಿಗೆ ಇಳಿಯಿತು.

ಇವೆರಡೂ ಒಂದೇ ಯಂತ್ರದಲ್ಲಿ ಸೇರಿದ್ದನ್ನು ಕಾಣಲು ಅಮೆರಿಕಕ್ಕೆ ಹೋಗಬೇಕಿಲ್ಲ. ರೋಣ ತಾಲ್ಲೂಕಿನ ಹೊಳೆಆಲೂರಿನಲ್ಲಿ ಗದಗ-ಹೊಟಗಿ ರೈಲು ಹಾದಿ ಇದೆ. ಆ ಹಾದಿಯಲ್ಲಿ ಸರಕು ಎಳೆದ ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯೂಡಿಜಿ-4 ಡೀಸೆಲ್ ಎಂಜಿನ್ನುಗಳನ್ನು ಎಷ್ಟೋ ಜನ ನೋಡಿದ್ದಾರೆ. 16 ಸಿಲಿಂಡರು, 4000 ಅಶ್ವಶಕ್ತಿ, ಎರಡು ಸ್ಟ್ರೋಕು. ಎರಡು ಸ್ಟ್ರೋಕಿನ ಡೀಸೆಲ್ ತಾನಾಗಿ ಗಾಳಿ ಎಳೆದುಕೊಳ್ಳಲಾರದು, ಯಾರಾದರೂ ಊದಬೇಕು. ಚಾಲೂ ಮಾಡುವಾಗ ಟರ್ಬೊ ತಿರುಗಿಸುವಷ್ಟು ಹೊಗೆ ಎಲ್ಲಿಂದ ಬರಬೇಕು? ಅದಕ್ಕೆ ಅಲ್ಲಿ ಟರ್ಬೊವನ್ನು ಗಿಯರುಗಳ ಮೂಲಕ ಕ್ರ್ಯಾಂಕಿಗೆ ಜೋಡಿಸಿದ್ದಾರೆ. ಹೇರು ಕಡಿಮೆಯಿದ್ದಾಗ ಎಂಜಿನ್ನೇ ಅದನ್ನು ತಿರುಗಿಸುತ್ತದೆ, ಆಗ ಅದು ಸೂಪರ್‌ಚಾರ್ಜರ್. ಹೇರು ಬಿದ್ದು ಹೊಗೆ ಬಿಸಿಯಾದಾಗ ಚಕ್ರ ಗಿಯರಿಗಿಂತ ಜೋರಾಗಿ ಓಡುತ್ತದೆ, ನಡುವಿನ ಕ್ಲಚ್ ತಾನಾಗಿ ಬಿಡುತ್ತದೆ, ಅಲ್ಲಿಂದ ಮುಂದೆ ಅದು ಟರ್ಬೊ. ಮಗುವಿಗೆ ಸೈಕಲ್ ಕಲಿಸುವವರು ಸೀಟು ಹಿಡಿದು ಜೊತೆಗೆ ಓಡಿ, ತೋಲ ಬಂದೊಡನೆ ಕೈ ಬಿಡುತ್ತಾರಲ್ಲ, ಹಾಗೆ. ಗಾಳಿ ತುಂಬುವ ಕಲೆಯಲ್ಲಿ ಇದಕ್ಕಿಂತ ಚೆಂದದ ಯುಕ್ತಿ ನಾನು ಕಂಡಿಲ್ಲ. ಸಾವಿರಾರು ಟನ್ ಎಳೆಯುವ ಯಂತ್ರವೂ ದುಡಿಮೆಯ ಹೊತ್ತಿಗೆ ಬೆಲ್ಟು-ಗಿಯರಿನ ಹಂಗು ಬಿಟ್ಟು ಹೊಗೆಯನ್ನೇ ನಂಬುತ್ತದೆ ಎಂಬುದನ್ನು ನಮ್ಮ ಪಿಕಪ್ ಮಾಲೀಕರು ಗಮನಿಸಬೇಕು.

ಹಾಗಾದರೆ ಅಮೆರಿಕದವರು ಸೂಪರ್‌ಚಾರ್ಜರ್ ಹಾಕುವುದೇಕೆ? ಅವರದ್ದು ಪೆಟ್ರೋಲಿನ ವಿ-8, ಮತ್ತು ಅವರ ಉದ್ದೇಶ ಬೇರೆ. ಫೋರ್ಡ್ 1999ರಲ್ಲಿ ಎಫ್-150 ಲೈಟ್ನಿಂಗ್ ತಂದಾಗ 5.4 ಲೀಟರ್ ಎಂಜಿನ್ನಿಗೆ ಸೂಪರ್‌ಚಾರ್ಜರ್ ಕೊಟ್ಟು 360 ಅಶ್ವಶಕ್ತಿ ಪಡೆಯಿತು. 2021ರ ರಾಮ್ ಟಿಆರ್‌ಎಕ್ಸ್ 6.2 ಲೀಟರಿನಿಂದ 702 ತೆಗೆಯಿತು. ಕಾಲಿಟ್ಟ ಕ್ಷಣಕ್ಕೆ ನೆಗೆಯುವ ಆ ಗುಣ ಬೆಲ್ಟಿನ ಗಾಳಿಗೇ ಸಲ್ಲಬೇಕು, ಅದರ ಕೂಗೂ ಅದ್ಭುತ. ಆದರೆ ಪೂರಾ ಜೋರಿನಲ್ಲಿ ಆ ಸೂಪರ್‌ಚಾರ್ಜರನ್ನು ತಿರುಗಿಸಲಿಕ್ಕೇ ಸುಮಾರು 80 ಅಶ್ವಶಕ್ತಿ ಖರ್ಚಾಗುತ್ತದೆ. ನಮ್ಮ ಬೊಲೆರೊ ಪಿಕಪ್ಪಿನ ಇಡೀ ಎಂಜಿನ್ನಿನ ಶಕ್ತಿ ಅದಕ್ಕಿಂತ ಹೆಚ್ಚಿಲ್ಲ.

ಇನ್ನೊಂದು ಲೆಕ್ಕ ನೋಡಿ. ಟಿಆರ್‌ಎಕ್ಸ್ ಹಿಂದಿನ ತೊಟ್ಟಿಯಲ್ಲಿ ಹೊರಬಹುದಾದ ಭಾರ ಸುಮಾರು 600 ಕಿಲೊ. ಐವತ್ತು ಕಿಲೊ ಚೀಲವಾದರೆ ಹನ್ನೆರಡು. ಬೊಲೆರೊ ಪಿಕಪ್ಪಿನ 1.7 ಟನ್ ಮಾದರಿ 34 ಚೀಲ ಹೊರುತ್ತದೆ. 1991ರ ಜಿಎಂಸಿ ಸೈಕ್ಲೋನ್ ಟರ್ಬೊ ಹಾಕಿದ 280 ಅಶ್ವಶಕ್ತಿಯ ಪಿಕಪ್ಪು, ಆ ಕಾಲದ ಫೆರಾರಿಯನ್ನು ಓಟದಲ್ಲಿ ಹಿಂದೆ ಹಾಕಿದ್ದು. ಅದು ಹೊರುತ್ತಿದ್ದುದು 227 ಕಿಲೊ, ನಾಲ್ಕೂವರೆ ಚೀಲ. ಅವು ಓಟದ ಗಾಡಿಗಳು, ಆ ಕೆಲಸದಲ್ಲಿ ಅವಕ್ಕೆ ಸಾಟಿಯಿಲ್ಲ. ನಮ್ಮದು ಹೇರಿನ ಗಾಡಿ.

ಹೇರಿನ ಗಾಡಿಯನ್ನು ಅಳೆಯಬೇಕಾದದ್ದು 4000 ಸುತ್ತಿನಲ್ಲಲ್ಲ, 1500ರಲ್ಲಿ. ನರಗುಂದದಿಂದ ಹುಬ್ಬಳ್ಳಿ ಕಡೆಗೆ ಎರಿ ಹೊಲಗಳ ನಡುವೆ ರಸ್ತೆ ಸಪಾಟು, ಅಲ್ಲಿ ಯಾವ ಗಾಡಿಯೂ ಓಡುತ್ತದೆ. ಪರೀಕ್ಷೆ ಗಜೇಂದ್ರಗಡದ ಗುಡ್ಡದ ಏರಿನಲ್ಲಿ. ಹೇರು ತುಂಬಿ, ಮುಂದೆ ಗಾಳಿಯಂತ್ರದ ರೆಕ್ಕೆ ಹೊತ್ತ ಟ್ರೇಲರ್ ತೆವಳುತ್ತಿದ್ದರೆ, ಗಾಡಿ ಎರಡನೇ ಗಿಯರಿಗೆ ಇಳಿದು ಕಡಿಮೆ ಸುತ್ತಿನಲ್ಲೇ ಜಗ್ಗಬೇಕು. ಚಿಕ್ಕ ಟರ್ಬೊದ ಚಕ್ರ ಹಗುರ, ಸ್ವಲ್ಪ ಹೊಗೆಗೇ ಎದ್ದು ಕೂರುತ್ತದೆ. ದೊಡ್ಡ ಟರ್ಬೊ ಹಾಕಿಸಿದಿರೋ, ಅದು ಏಳುವ ಹೊತ್ತಿಗೆ ಸುತ್ತು ಬಿದ್ದು ಗಾಡಿ ನಿಂತಿರುತ್ತದೆ. ಕಾಗದದ ಮೇಲೆ ಅಶ್ವಶಕ್ತಿ ಹೆಚ್ಚಿ, ರಸ್ತೆಯ ಮೇಲೆ ಕಡಿಮೆಯಾಗುವುದು ಹೀಗೆ. ಟೊಯೊಟಾ ಹೈಲಕ್ಸ್ 2.8 ಲೀಟರಿನಿಂದ 500 ನ್ಯೂಟನ್ ಮೀಟರ್ ಜಗ್ಗುಬಲ ತೆಗೆಯುವುದು ದೊಡ್ಡ ಚಕ್ರದಿಂದಲ್ಲ. ಹೊಗೆಯ ಹಾದಿಯನ್ನು ಬೇಕಾದಂತೆ ಕಿರಿದು-ಅಗಲ ಮಾಡುವ ಟರ್ಬೊ ಅದರಲ್ಲಿದೆ, ಸುತ್ತು ಕಡಿಮೆಯಿದ್ದಾಗಲೂ ಚಕ್ರ ಚುರುಕಾಗಿರುತ್ತದೆ.

ಡೀಸೆಲ್ಲಿಗೂ ಟರ್ಬೊಗೂ ಇರುವ ನಂಟಿಗೆ ಇನ್ನೂ ಆಳದ ಕಾರಣವಿದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನ ಮತ್ತು ಗಾಳಿ ಸಾಮಾನ್ಯವಾಗಿ ಕಿಡಿಗೆ ಮುಂಚೆಯೇ ಬೆರೆತಿರುತ್ತವೆ. ಗಾಳಿ ಅತಿಯಾಗಿ ಒತ್ತಿದರೆ ಕಿಡಿಗೂ ಮುನ್ನ ತಾನೇ ಹೊತ್ತಿ ಪಿಸ್ಟನ್ ಒಡೆಯುವ ಭಯ. ಡೀಸೆಲ್ಲಿನಲ್ಲಿ ಒಳಗೆ ಒತ್ತಿದ್ದು ಬರೀ ಗಾಳಿ, ಅದು ಬಿಸಿಯಾಗುವುದೇ ಬೇಕಾದದ್ದು. ಹೊಗೆಯೂ ಪೆಟ್ರೋಲಿನಷ್ಟು ಸುಡುವುದಿಲ್ಲ, ಟರ್ಬೊದ ಚಕ್ರ ಬಾಳುತ್ತದೆ.

ಟಾಟಾ ಏಸ್ ಇಟ್ಟವರೂ ಕೇಳುತ್ತಾರೆ. 2005ರಲ್ಲಿ ಬಂದ ಆ ಎರಡು ಸಿಲಿಂಡರಿನ 702 ಸಿಸಿ ಎಂಜಿನ್ನಿಗೆ 16 ಅಶ್ವಶಕ್ತಿ, ಟರ್ಬೊ ಇಲ್ಲ. ಹೊರಗಿನಿಂದ ತಂದು ಕೂರಿಸಬೇಡಿ. ಅದರ ಪಿಸ್ಟನ್ನು, ಬೇರಿಂಗು, ರೇಡಿಯೇಟರು ಯಾವುದೂ ಆ ಒತ್ತಡಕ್ಕೆ ಮಾಡಿದ್ದಲ್ಲ.

ಚಿಪ್ ಹಾಕಿಸುವ ಮಾತು ಬೇರೆ. ಎಂಜಿನ್ನಿನ ಕಂಪ್ಯೂಟರಿನ ಲೆಕ್ಕ ಬದಲಿಸಿ ಗಾಳಿ-ಡೀಸೆಲ್ ಎರಡನ್ನೂ ಹೆಚ್ಚಿಸಿದರೆ ಗಾಡಿ ಖಂಡಿತ ಜಗ್ಗುತ್ತದೆ. ಆದರೆ ಬೊಲೆರೊದಂಥ ಗಾಡಿಯಲ್ಲಿ 200 ನ್ಯೂಟನ್ ಮೀಟರಿಗೆಂದು ಮಾಡಿದ ಕ್ಲಚ್ ಪ್ಲೇಟು, ಗಿಯರ್ ಬಾಕ್ಸು, ಜಾಯಿಂಟುಗಳು ಹಳೆಯವೇ ಇರುತ್ತವೆ. ತುಂಬಿದ ಹೇರಿನಲ್ಲಿ ಏರು ಹತ್ತುವಾಗ ಮೊದಲು ಸುಡುವುದು ಕ್ಲಚ್. ಕಾನೂನೂ ಇದೆ: ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ಅನುಮತಿ ಇಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ, ಇಲ್ಲವೇ ಎರಡೂ. 2020ರ ಏಪ್ರಿಲ್ 1ರ ನಂತರದ ಬಿಎಸ್-6 ಗಾಡಿಗಳಲ್ಲಿ ಹೊಗೆ ಶುದ್ಧಿ ಮಾಡುವ ಫಿಲ್ಟರನ್ನು ಕಿತ್ತುಹಾಕಿ "ಫ್ರೀ ಮಾಡಿ ಕೊಡ್ತೀವಿ" ಅನ್ನುವವರ ಮಾತನ್ನಂತೂ ಕೇಳಲೇಬೇಡಿ. ಆ ಮಸಿ ಹೋಗುವುದು ನಮ್ಮ ಮಕ್ಕಳ ಎದೆಗೆ.

ನಮ್ಮಲ್ಲಿ ಟರ್ಬೊದ ನಿಜವಾದ ಶತ್ರು ಎರಿ ಮಣ್ಣಿನ ಧೂಳು. ಟರ್ಬೊದ ಅಚ್ಚು ನಿಮಿಷಕ್ಕೆ ಒಂದು ಲಕ್ಷ ಸುತ್ತು ಮೀರಿ ತಿರುಗುತ್ತದೆ. ಆ ವೇಗದಲ್ಲಿ ಏರ್ ಕ್ಲೀನರ್ ದಾಟಿ ಬಂದ ಸಣ್ಣ ಮಣ್ಣಿನ ಕಣವೂ ಗಾಳಿಚಕ್ರದ ಅಂಚನ್ನು ತಿನ್ನುತ್ತದೆ. ಗಾಳಿ ತಂಪು ಮಾಡುವ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಹೋಸ್ ಬಿರುಕು ಬಿಟ್ಟರೆ, ಕ್ಲಿಪ್ ಸಡಿಲಾದರೆ, ಒತ್ತಿದ ಗಾಳಿ ಅಲ್ಲೇ ಸೋರಿಹೋಗುತ್ತದೆ. ಆಗ ಕಪ್ಪು ಹೊಗೆ, ಸೀಟಿಯ ಸದ್ದು, "ಗಾಡಿ ಜಗ್ಗವಲ್ದು" ಎಂಬ ದೂರು. ನಾನು ಕಂಡ ಎಷ್ಟೋ ಗಾಡಿಗಳಿಗೆ ಬೇಕಾಗಿದ್ದುದು ಹೊಸ ಟರ್ಬೊ ಅಲ್ಲ, ಒಂದು ಹೋಸು ಮತ್ತು ಎರಡು ಕ್ಲಿಪ್ಪು. ಏರು ಹತ್ತಿಸಿ ಬಂದು ಚಹಾಕ್ಕೆ ನಿಂತಾಗ ತಕ್ಷಣ ಕೀಲಿ ತಿರುವುವ ಚಾಳಿಯೂ ಕೆಟ್ಟದ್ದು. ಎಂಜಿನ್ ನಿಂತರೆ ಆಯಿಲ್ ಹರಿಯುವುದೂ ನಿಲ್ಲುತ್ತದೆ, ಕಾದ ಅಚ್ಚಿನ ಸುತ್ತ ಉಳಿದ ಆಯಿಲ್ ಸುಟ್ಟು ಕರಿ ಕಟ್ಟುತ್ತದೆ. ಒಂದು ನಿಮಿಷ ಎಂಜಿನ್ ಸುಮ್ಮನೆ ಓಡಲು ಬಿಡಿ.

ಈ ಸಲ ಉಳ್ಳಾಗಡ್ಡಿ ಹೇರುವ ಮೊದಲು ನಿಮ್ಮ ಮಿಸ್ತ್ರಿಗೆ ಹೇಳಿ ಏರ್ ಕ್ಲೀನರ್ ಬದಲಾಯಿಸಿ, ಹೋಸುಗಳನ್ನು ಕೈಯಿಂದ ಒತ್ತಿ ನೋಡಿಸಿ, ಕಂಪನಿ ಹೇಳಿದ ದರ್ಜೆಯ ಆಯಿಲನ್ನೇ ಹಾಕಿಸಿ. ಆಮೇಲೂ ಗಾಡಿ ಜಗ್ಗದಿದ್ದರೆ ನಾಲ್ಕು ಚೀಲ ಇಳಿಸಿ.